ಬಯಲಿನ ಕೋವಿ, ಕಾಡಿನ ಕೋವಿ

ಒಕ್ಕಲುತನದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಸಂಗತಿ ಯಾರೂ ಹೇಳಿಕೊಡದೆಯೇ ತಿಳಿದಿರುತ್ತದೆ. ಯಾವ ಹೊಲಕ್ಕೆ ಯಾವ ಸಲಕರಣೆ ಎಂಬುದನ್ನು ನೆಲವೇ ನಿರ್ಧರಿಸುತ್ತದೆ. ಎರೆಯ ಹೊಲಕ್ಕೆ ಒಪ್ಪುವ ಭಾರವಾದ ರೆಂಟೆಯನ್ನು ಮಸಾರಿ ನೆಲದಲ್ಲಿ ಹೂಡಿದರೆ ಎತ್ತುಗಳ ಶಕ್ತಿ ವ್ಯರ್ಥ. ಮಸಾರಿಯಲ್ಲಿ ಸರಾಗವಾಗಿ ಸಾಗುವ ಹಗುರ ಕುಂಟೆ ಎರೆಯ ಹೆಂಟೆಗಳ ಮೇಲೆ ಬರಿದೆ ಕುಣಿಯುತ್ತದೆ. ಕೊಡಲಿ, ಕುಡಗೋಲು, ಬಲೆ, ದೋಣಿ ಎಲ್ಲಕ್ಕೂ ಈ ನಿಯಮ ಸಲ್ಲುತ್ತದೆ.

ಕೋವಿಯೂ ಮನುಷ್ಯನ ಉಪಕರಣಗಳಲ್ಲೊಂದು. ಆದುದರಿಂದ ಬಯಲುಸೀಮೆಗೆ ಒಪ್ಪುವ ಕೋವಿ ಬೇರೆ, ದಟ್ಟವಾದ ಕಾಡಿಗೆ ಒಪ್ಪುವ ಕೋವಿ ಬೇರೆ ಎಂದರೆ ಆಶ್ಚರ್ಯವಿಲ್ಲ. ಆದರೆ ರೆಂಟೆಗೂ ಕೋವಿಗೂ ಒಂದು ವ್ಯತ್ಯಾಸವಿದೆ. ಸೊಟ್ಟಗೆ ಹೋದ ಸಾಲನ್ನು ಮತ್ತೊಮ್ಮೆ ಉಳಬಹುದು. ನಳಿಗೆಯನ್ನು ಬಿಟ್ಟ ಗುಂಡನ್ನು ಮರಳಿ ಕರೆಯಲಾಗದು. ಹಾಗಾಗಿ ಕೋವಿಯ ಆಯ್ಕೆಯಲ್ಲಿ ಅನುಕೂಲದ ಜೊತೆಗೆ ಹೊಣೆಯ ಪ್ರಶ್ನೆಯೂ ಬಂದು ಸೇರಿಕೊಳ್ಳುತ್ತದೆ. ಬೇಟೆಯ ಕಾಲ ಮುಗಿದುಹೋದ ಮೇಲೂ ಈ ವಿಚಾರ ನನಗೆ ಚಿಂತನೆಗೆ ಯೋಗ್ಯವಾಗಿ ತೋರುವುದು ಆ ಕಾರಣದಿಂದಲೇ.

ನನ್ನದು ವಿಜಯಪುರ ಜಿಲ್ಲೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಇಂಡಿ, ಸಿಂದಗಿಗಳ ಸೀಮೆ ಭೀಮೆಯ ಕಡೆಗೆ ಇಳಿದಿದ್ದರೆ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳು ಕೃಷ್ಣೆಯ ಕಡೆಗೆ ಒರಗಿಕೊಂಡಿವೆ. ತಾಳಿಕೋಟೆಯನ್ನು ಹಾದು ಕೃಷ್ಣೆಯನ್ನು ಕೂಡುವ ಡೋಣಿಯ ಕೊಳ್ಳದ ಎರೆಮಣ್ಣು ಎಷ್ಟು ಫಲವತ್ತಾದುದೆಂದರೆ, ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯೇ ಹುಟ್ಟಿಕೊಂಡಿದೆ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ; ಬೇಸಗೆಯಲ್ಲಿ ಬಾಯ್ದೆರೆದ ಬಿರುಕುಗಳು. ಹಳ್ಳದ ದಂಡೆಯ ಜಾಲಿ, ಊರ ಮುಂದಿನ ಬೇವು ಬಿಟ್ಟರೆ ನೋಟಕ್ಕೆ ಅಡ್ಡ ಬರುವ ಮರವಿಲ್ಲ. ಬಾಗೇವಾಡಿಯಲ್ಲಿ ಬಸವಣ್ಣನವರು ಹುಟ್ಟಿದರು. ಅವರ ಕಾಲದ ಶರಣರು ಎಲ್ಲೆಯೇ ಇಲ್ಲದ ನಿಲವಿಗೆ ಹೆಸರು ಬೇಕಾದಾಗ ಆರಿಸಿಕೊಂಡ ಮಾತು ‘ಬಯಲು’. ಜೋಳದ ಸುಗ್ಗಿ ಮುಗಿದ ಹೊಲದ ಬದುವಿನ ಮೇಲೆ ಒಮ್ಮೆ ನಿಂತು ನೋಡಿದವರಿಗೆ ಆ ಮಾತಿನ ಬೆಲೆ ತಿಳಿಯುತ್ತದೆ.

ಇಂಥ ಬಯಲಿನ ಪ್ರಾಣಿ ಚಿಗರಿ. ಗ್ರಂಥಗಳು ಕೃಷ್ಣಮೃಗವೆಂದು ಕರೆಯುವುದು ಇದನ್ನೇ. ಕಾಡಿನ ಪ್ರಾಣಿ ಮರೆಯನ್ನು ನಂಬಿ ಬದುಕುತ್ತದೆ; ಚಿಗರಿ ತನ್ನ ಕಣ್ಣನ್ನೂ ಕಾಲನ್ನೂ ನಂಬಿ ಬದುಕುತ್ತದೆ. ಅದು ಅವಿತುಕೊಳ್ಳುವುದಿಲ್ಲ. ತೆರೆದ ನೆಲದಲ್ಲಿ ನಿಂತು ನಾಲ್ಕೂ ದಿಕ್ಕು ನೋಡುತ್ತಿರುತ್ತದೆ. ಶತ್ರು ಎಷ್ಟು ದೂರವಿದ್ದರೆ ತಾನು ಕ್ಷೇಮವೆಂಬ ಲೆಕ್ಕ ಅದಕ್ಕೆ ಚೆನ್ನಾಗಿ ಗೊತ್ತು. ಆ ಅಂತರ ಕಡಿಮೆಯಾಯಿತೆಂದರೆ ಹಿಂಡು ಒಂದೆರಡು ಸಲ ನೆಗೆದು, ಬಾಣದಂತೆ ಹೊರಟುಬಿಡುತ್ತದೆ.

ಈ ಅಂತರವನ್ನು ಗೆಲ್ಲುವುದೇ ಬಯಲಿನ ಬೇಟೆಗಾರನ ಸಮಸ್ಯೆ. ಕೋವಿಗೆ ಮೊದಲು ಜನ ಅದನ್ನು ಓಟದಿಂದ ಗೆದ್ದರು. ನೆರೆಯ ಮುಧೋಳದ ಸೀಮೆಯ ಉದ್ದ ಕಾಲಿನ, ಕೃಶ ನಡುವಿನ ಬೇಟೆನಾಯಿ ಅದಕ್ಕಾಗಿಯೇ ಬೆಳೆದುಬಂದ ತಳಿ; ಅದು ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುತ್ತದೆ. ಕೊಲ್ಹಾಪುರದ ಅರಸರು ಪಳಗಿಸಿದ ಸಿವಂಗಿಯನ್ನು, ಎಂದರೆ ಚೀತಾವನ್ನು, ಕಣ್ಣು ಕಟ್ಟಿ ಎತ್ತಿನ ಬಂಡಿಯಲ್ಲಿ ಕುಳ್ಳಿರಿಸಿ ಹಿಂಡಿನ ಸಮೀಪಕ್ಕೆ ಒಯ್ಯುತ್ತಿದ್ದರು. ಹೊಲದಲ್ಲಿ ದಿನವೂ ಕಾಣುವ ಬಂಡಿಗೆ ಚಿಗರಿ ಹೆದರುವುದಿಲ್ಲವೆಂಬುದನ್ನು ಅವರು ಅರಿತಿದ್ದರು.

ಕೋವಿ ಬಂದ ಮೇಲೆ ಅಂತರವನ್ನು ನಳಿಗೆಯಿಂದ ಗೆಲ್ಲುವ ಕಾಲ ಬಂದಿತು. ನೆಲಕ್ಕೆ ತಕ್ಕ ನಳಿಗೆ ಎಂಬ ಪಾಠವನ್ನು ವಿಜಯಪುರದ ಕೋಟೆಯೇ ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟಿದೆ. ಅಲ್ಲಿಯ ಮಲಿಕ್-ಎ-ಮೈದಾನ್ ತೋಪನ್ನು ನೋಡದ ವಿದ್ಯಾರ್ಥಿ ನಮ್ಮ ಜಿಲ್ಲೆಯಲ್ಲಿ ವಿರಳ. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಈ ತೋಪಿನ ತೂಕ ಸುಮಾರು 55 ಟನ್. ಉದ್ದ ನಾಲ್ಕೂವರೆ ಮೀಟರಿನಷ್ಟೇ ಆದರೂ ಬಾಯಿಯ ಅಗಲ ಸುಮಾರು 70 ಸೆಂಟಿಮೀಟರ್. ಹೆಸರಿನ ಅರ್ಥ ‘ಮೈದಾನದ ಒಡೆಯ’ ಎಂದು. ಅಲ್ಲಿಂದ ಅನತಿದೂರದ ಉಪ್ಪಲಿ ಬುರುಜನ್ನು ಹತ್ತಿದರೆ ಇನ್ನೊಂದು ತೋಪು ಕಾಣುತ್ತದೆ. ಅದರ ಉದ್ದ 9 ಮೀಟರಿಗೂ ಹೆಚ್ಚು; ಬಾಯಿ ಮಾತ್ರ ಸುಮಾರು 30 ಸೆಂಟಿಮೀಟರ್. ಒಂದು ಗಿಡ್ಡ, ಅಗಲಬಾಯಿಯದು. ಇನ್ನೊಂದು ಉದ್ದ, ಸಣ್ಣಬಾಯಿಯದು. ಸಮೀಪಕ್ಕೆ ನುಗ್ಗಿ ಬಂದವರನ್ನು ತಡೆಯುವ ಬಲ ಬೇರೆ, ದೂರದ ಗುರಿಯನ್ನು ಮುಟ್ಟುವ ಬಲ ಬೇರೆ ಎಂಬುದನ್ನು ಈ ಎರಡು ತೋಪುಗಳ ಆಕಾರವೇ ಸೂಚಿಸುತ್ತದೆ. ಬೇಟೆಯ ಕೋವಿಗಳಲ್ಲಿ ಇದೇ ಭೇದ ಚಿಕ್ಕ ಪ್ರಮಾಣದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಬಯಲಿಗೆ ಒಪ್ಪುವುದು ರೈಫಲು. ಅದರ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ. ಆ ತೋಡುಗಳನ್ನು ಹಿಡಿದು ಗುಂಡು ಬುಗುರಿಯಂತೆ ತಿರುಗುತ್ತ ಹೊರಬರುತ್ತದೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ, ತಿರುಗುವ ಗುಂಡು ನೆಟ್ಟಗೆ ಸಾಗುತ್ತದೆ. ನೆಟ್ಟಗೆ ಎಂದರೂ ಭೂಮಿಯ ಸೆಳೆತ ಅದನ್ನು ಬಿಡುವುದಿಲ್ಲ. ಕೈಯಿಂದ ಜಾರಿದ ಮಾವಿನಕಾಯಿ ಬೀಳುವಂತೆಯೇ ಹಾರುವ ಗುಂಡೂ ಕ್ಷಣಕ್ಷಣಕ್ಕೂ ಕೆಳಕ್ಕೆ ಬೀಳುತ್ತಿರುತ್ತದೆ. ಕಾಲು ಸೆಕೆಂಡಿನಲ್ಲಿ ಅದು ಬೀಳುವುದು ಸುಮಾರು 30 ಸೆಂಟಿಮೀಟರ್. ಅರ್ಧ ಸೆಕೆಂಡಿನಲ್ಲಿ ಅದರ ನಾಲ್ಕರಷ್ಟು. ಆದುದರಿಂದ ದೂರದ ಗುರಿಗೆ ವೇಗವೇ ಮುಖ್ಯ. ಸೆಕೆಂಡಿಗೆ 800 ಮೀಟರಿಗೂ ಮೀರಿದ ವೇಗದಿಂದ ಹೊರಡುವ ಹಗುರವಾದ ಮೊನಚು ಗುಂಡು 200 ಮೀಟರನ್ನು ಹೆಚ್ಚುಕಡಿಮೆ ಕಾಲು ಸೆಕೆಂಡಿನಲ್ಲಿ ಕ್ರಮಿಸುತ್ತದೆ. ನಿಧಾನವಾಗಿ ಸಾಗುವ ದಪ್ಪ ಮೂಗಿನ ಗುಂಡು ಅಷ್ಟು ದೂರ ಹೋಗುವಷ್ಟರಲ್ಲಿ ಅದರ ಎರಡರಷ್ಟು ಕೆಳಗಿಳಿದಿರುತ್ತದೆ. ಬಯಲಿನ ಕೋವಿಗೆ ಉದ್ದ ನಳಿಗೆ, ಹಗುರ ಗುಂಡು, ಮೇಲೊಂದು ದುರ್ಬೀನು ಏಕೆಂಬುದಕ್ಕೆ ಇದೇ ವಿವರಣೆ.

ನನ್ನ ಸೋದರಮಾವನಲ್ಲಿ ಇಂಥದೊಂದು ರೈಫಲು ಇತ್ತು. ಬಾಗೇವಾಡಿ ತಾಲೂಕಿನಲ್ಲಿ ಡೋಣಿಯ ದಂಡೆಯ ಹಳ್ಳಿ ಅವರದು. ನಾನು ಹೇಳುತ್ತಿರುವುದು 1960ರ ದಶಕದ ಮಾತು. ಪರವಾನಗಿ ಪಡೆದು ಬೇಟೆಯಾಡಲು ಆಗ ಅವಕಾಶವಿತ್ತು. ಮಾಮ ಒಳ್ಳೆಯ ಗುರಿಕಾರರೆಂದು ಸುತ್ತಿನ ಊರುಗಳಲ್ಲಿ ಹೆಸರು. ಆದರೆ ಬಯಲಿನಲ್ಲಿ ಗುರಿ ಹಿಡಿಯುವುದು ಕಂಡಷ್ಟು ಸುಲಭವಲ್ಲವೆಂದು ಅವರೇ ಹೇಳುತ್ತಿದ್ದರು. ಅಳತೆಗೆ ಒಂದು ಮರವೂ ಇಲ್ಲದ ನೆಲದಲ್ಲಿ ಇನ್ನೂರು ಗಜವೂ ಒಂದೇ, ಮುನ್ನೂರು ಗಜವೂ ಒಂದೇ ಎಂದು ಕಣ್ಣು ಮೋಸಹೋಗುತ್ತದೆ. ಅಡ್ಡಗಾಳಿ ಹಗುರ ಗುಂಡನ್ನು ದಾರಿ ತಪ್ಪಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹೊತ್ತು ಏರಿದಂತೆ ಎರೆಯ ಮೇಲೆ ಬಿಸಿಲ್ಗುದುರೆ ಏಳುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ‘ಮೃಗತೃಷ್ಣೆ’ ಎಂದು ಹೆಸರು. ನೀರೆಂದು ಭ್ರಮಿಸಿ ಓಡುವ ಜಿಂಕೆಯ ಬಾಯಾರಿಕೆ ಎಂದು ಅದರ ಅರ್ಥ. ನಮ್ಮ ಬಯಲಿನಲ್ಲಿ ಜಿಂಕೆಯನ್ನು ಬೆನ್ನಟ್ಟಿದ ಮನುಷ್ಯನೂ ಆ ಭ್ರಮೆಗೆ ಹೊರತಾಗಿರಲಿಲ್ಲ.

ಶಿವರಾತ್ರಿಯ ಆಚೀಚೆಯ ಒಂದು ದಿನ ಮಾಮನೊಂದಿಗೆ ನಾನೂ ಹೋಗಿದ್ದೆ. ಜೋಳದ ಕೊಯ್ಲು ಅರ್ಧ ಮುಗಿದಿತ್ತು. ದೂರದ ಹೊಲದಲ್ಲಿ ಒಂದು ಗಂಡು ಚಿಗರಿ, ಕರಿಯ ಮೈ, ತಿರುಚಿದ ಕೊಂಬು, ಬಿಸಿಲಿನಲ್ಲಿ ತೇಲುತ್ತಿರುವಂತೆ ನಿಂತಿತ್ತು. ಮಾಮ ಬದುವಿನ ಮೇಲೆ ಬೋರಲು ಮಲಗಿ ರೈಫಲನ್ನು ಭುಜಕ್ಕೆ ಆನಿಸಿದರು. ನಾನು ಉಸಿರು ಬಿಗಿಹಿಡಿದು ಕಾದೆ. ಎಷ್ಟು ಹೊತ್ತಾದರೂ ಗುಂಡಿನ ಸದ್ದು ಕೇಳಲಿಲ್ಲ. ಕಡೆಗೆ ಅವರು ಕೋವಿಯನ್ನು ಕೆಳಗಿಳಿಸಿದರು.

“ಯಾಕ ಮಾಮಾ, ಗುರಿ ಸಿಗಲಿಲ್ಲೇನು?” ಎಂದೆ.

“ಗುರಿ ಸಿಕ್ಕಿತ್ತು ತಮ್ಮಾ. ಅದರ ಹಿಂದ ಏನೈತಿ ಅನ್ನೂದು ಕಾಣವಲ್ದು” ಎಂದರು.

ಅವರ ಮಾತು ನನಗೆ ಅರ್ಥವಾಗಲಿಲ್ಲ. ಹಿಂದೆ ಇನ್ನೇನಿರಲು ಸಾಧ್ಯ, ಆಕಾಶವಲ್ಲದೆ? ಸ್ವಲ್ಪ ಹೊತ್ತಿನಲ್ಲಿ ಚಿಗರಿ ಒಮ್ಮೆಲೇ ಕತ್ತು ಹೊರಳಿಸಿ, ನೆಗೆದು, ಓಡಿಹೋಯಿತು. ಅದು ನಿಂತಿದ್ದ ಜಾಗದ ಆಚೆ, ನೆಲದೊಳಗಿಂದಲೇ ಮೂಡಿ ಬಂದಂತೆ, ಮೂರು ಬುಟ್ಟಿಗಳು ಮೇಲೆದ್ದುವು; ಬುಟ್ಟಿಗಳ ಕೆಳಗೆ ಮೂರು ತಲೆಗಳು. ಕೊಯ್ಲಿನವರಿಗೆ ರೊಟ್ಟಿ ಹೊತ್ತು ಬರುತ್ತಿದ್ದ ಹೆಣ್ಣುಮಕ್ಕಳು ಅವರು. ಚಿಗರಿಯ ಹಿಂದೆ ಒಂದು ಹಳ್ಳವಿತ್ತು. ಮಟ್ಟಸವಾಗಿ ಕಾಣುವ ಎರೆಭೂಮಿ ಅಂಥ ಎಷ್ಟೋ ಹಳ್ಳಗಳನ್ನು ತನ್ನ ಮಡಿಲಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಮಾಮ ತೋಟಾವನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಮನೆಯ ದಾರಿಯಲ್ಲಿ ಒಂದೇ ಮಾತು ಆಡಿದರು: “ಬಯಲಾಗ ಗುಂಡಿಗೆ ನಿಂದರೂ ಜಾಗಾ ಇಲ್ಲ ತಮ್ಮಾ. ಬಿಡೂಮುಂದ ನಾವs ನೋಡಬೇಕು.”

ಬೇಟೆಯ ರೈಫಲಿನ ಗುಂಡು ಗುರಿ ತಪ್ಪಿದರೆ ಮೂರು ನಾಲ್ಕು ಕಿಲೋಮೀಟರ್ ಕೂಡ ಹೋಗಬಲ್ಲದೆಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ.

ಮುಂದೆ ಶಿಕ್ಷಕನಾಗಿ ನಾನು ಕೊಡಗಿನಲ್ಲಿ ಕೆಲವು ವರ್ಷ ಇರಬೇಕಾಯಿತು. ಬಯಲಿನಲ್ಲಿ ಬೆಳೆದ ಕಣ್ಣಿಗೆ ಕಾಡು ಮೊದಲು ಒಂದು ಗೋಡೆಯಂತೆ ಕಂಡಿತು. ಇಪ್ಪತ್ತು ಹೆಜ್ಜೆಯಾಚೆಗೆ ಏನಿದೆಯೆಂದು ಹೇಳುವಂತಿರಲಿಲ್ಲ. ಬಿದಿರ ಮೆಳೆ, ಮುಳ್ಳುಪೊದೆ, ಎಲೆಯ ಮೇಲೆ ಎಲೆ. ಮಧ್ಯಾಹ್ನದಲ್ಲೂ ಸಂಜೆಯ ಬೆಳಕು. ಆದರೆ ಕೋವಿ ಮಾತ್ರ ಅಲ್ಲಿ ಮನೆಮನೆಯ ವಸ್ತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅದರ ನಳಿಗೆಗೆ ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಮನೆಯಲ್ಲಿ ಸಾವಾದಾಗ ಎರಡು ಗುಂಡು ಆಕಾಶಕ್ಕೆ ಹಾರಿಸುವ ಪದ್ಧತಿ ಅವರದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿಯಿದ್ದು, 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಇದನ್ನು ತಿಳಿದಾಗ ನನಗೆ ನಮ್ಮ ಕಡೆಯ ಹಲಗಲಿ ನೆನಪಾಯಿತು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಹತಾರ ಕಾಯ್ದೆಯನ್ನು ಧಿಕ್ಕರಿಸಿದ್ದಕ್ಕಾಗಿ ಅಲ್ಲಿಯ ಬೇಡರ ಊರನ್ನೇ ಬ್ರಿಟಿಷರ ಸೈನ್ಯ ಸುಟ್ಟಿತು. ಒಂದೇ ಸರಕಾರ ಬೆಟ್ಟದವರ ಕೈಯಲ್ಲಿ ಕೋವಿಯನ್ನು ಉಳಿಸಿತು, ಬಯಲಿನವರ ಕೈಯಿಂದ ಆಯುಧವನ್ನು ಕಿತ್ತುಕೊಂಡಿತು.

ನಾನು ವಾಸವಾಗಿದ್ದ ಮನೆಯ ಯಜಮಾನರು ಎಪ್ಪತ್ತು ದಾಟಿದ ಹಿರಿಯರು. ಗೋಡೆಯ ಮೇಲಿದ್ದ ಜೋಡುನಳಿಗೆಯ ಕೋವಿಯನ್ನು ಒಂದು ದಿನ ಇಳಿಸಿ ನನ್ನ ಕೈಗೆ ಕೊಟ್ಟರು. ಮಾಮನ ರೈಫಲಿಗಿಂತ ಅದು ಗಿಡ್ಡ. ದುರ್ಬೀನು ಇರಲಿಲ್ಲ. “ಇದರಲ್ಲಿ ದೂರಕ್ಕೆ ಹೊಡೆಯಲಾಗದು, ಅಲ್ಲವೆ?” ಎಂದು ಕೇಳಿದೆ. ಅವರು ನಕ್ಕು, “ಮೇಷ್ಟ್ರೇ, ನಮ್ಮ ಕಾಡಿನಲ್ಲಿ ದೂರ ಎಲ್ಲಿದೆ?” ಎಂದರು.

ಆ ಮರುಪ್ರಶ್ನೆಯಲ್ಲಿ ಕಾಡಿನ ಕೋವಿಯ ಲಕ್ಷಣವೆಲ್ಲ ಅಡಗಿತ್ತು. ಕಾಡಿನಲ್ಲಿ ಪ್ರಾಣಿ ಕಾಣಿಸುವುದು ಹತ್ತಿರದಲ್ಲಿ, ಅದೂ ಒಂದು ಕ್ಷಣ. ಉದ್ದವಾದ ನಳಿಗೆ ಬಳ್ಳಿಗೆ ತೊಡರುತ್ತದೆ. ದುರ್ಬೀನು ದೂರವನ್ನು ಹತ್ತಿರ ತರುತ್ತದೆ, ಆದರೆ ನೋಟದ ಅಗಲವನ್ನು ಕಸಿದುಕೊಳ್ಳುತ್ತದೆ. ಪೊದೆಯ ನಡುವೆ ಅದರಲ್ಲಿ ಕಾಣುವುದು ಮಸುಕಾದ ನಾಲ್ಕು ಎಲೆ ಮಾತ್ರ. ಆದುದರಿಂದ ಕಾಡಿಗೆ ಬೇಕಾದದ್ದು ಥಟ್ಟನೆ ಭುಜಕ್ಕೇರುವ ಗಿಡ್ಡ ಕೋವಿ, ತೆರೆದ ನೋಟ, ತಡವಿಲ್ಲದೆ ಸಿಗುವ ಎರಡನೆಯ ಗುಂಡು, ಮೈಮೇಲೆ ಬರುವ ಪ್ರಾಣಿಯನ್ನು ನಿಲ್ಲಿಸುವ ತೂಕ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯ ಆನೆಕಾಡುಗಳಲ್ಲಿ ತಿರುಗಾಡಿದ ಜಿ. ಪಿ. ಸ್ಯಾಂಡರ್‌ಸನ್ ಆನೆಗೆ ಎಂಟು ಬೋರಿನ ಕೋವಿಯನ್ನು ಬಳಸುತ್ತಿದ್ದರು. ಒಂದು ಪೌಂಡು ಸೀಸದಿಂದ ಎಂಟು ಗುಂಡುಗಳಾದರೆ ಅದು ಎಂಟು ಬೋರು. ಒಂದೊಂದರ ತೂಕ ಸುಮಾರು 57 ಗ್ರಾಂ. ಬೆಂಗಳೂರಿನ ಕೆನೆತ್ ಆಂಡರ್‌ಸನ್ (1910–1974) ಬಹುಕಾಲ ನಚ್ಚಿದ್ದು .405 ವಿಂಚೆಸ್ಟರ್ ರೈಫಲನ್ನು. ಅದರ ಗುಂಡು ಸುಮಾರು 19 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದ ಆಂಡರ್‌ಸನ್ನರ ಅನುಭವಗಳನ್ನು ಓದಿದವರಿಗೆ ಕಾಡಿನಲ್ಲಿ ಅಂತರವೆಂಬುದು ಎಷ್ಟು ಕಿರಿದೆಂಬುದು ಗೊತ್ತು.

ಇಲ್ಲಿ ಬೇಟೆಗಾರರ ಹಳೆಯ ನಂಬಿಕೆಯೊಂದನ್ನು ಹೇಳಬೇಕು. ಭಾರವಾದ ಮೊಂಡು ಗುಂಡು ಕಡ್ಡಿಕೊಂಬೆಗಳನ್ನು ಸೀಳಿಕೊಂಡು ನೇರವಾಗಿ ಹೋಗುತ್ತದೆಂದೂ ಹಗುರ ಗುಂಡು ಮಾತ್ರ ದಾರಿ ತಪ್ಪುತ್ತದೆಂದೂ ಅವರು ತಿಳಿದಿದ್ದರು. ಪರೀಕ್ಷಿಸಿ ನೋಡಿದಾಗ, ಕಡ್ಡಿಗೆ ತಾಗಿದ ಮೇಲೆ ಯಾವ ಗುಂಡನ್ನೂ ನಂಬುವಂತಿಲ್ಲವೆಂದು ಕಂಡುಬಂದಿದೆ. ಕಾಡಿನ ಕೋವಿಯ ಭಾರವಾದ ಗುಂಡಿಗೆ ಬೇರೆ ಗುಣಗಳುಂಟು. ಪೊದೆಯನ್ನು ಲೆಕ್ಕಿಸದೆ ಹೊಡೆಯುವ ಹಕ್ಕನ್ನು ಅದು ಕೊಡುವುದಿಲ್ಲ.

ಹಿರಿಯರಿಗೆ ಇದು ಪುಸ್ತಕವಿಲ್ಲದೆಯೇ ತಿಳಿದಿತ್ತು. “ಎಲೆ ಅಲ್ಲಾಡಿತು ಎಂದು ಹೊಡೆಯಬಾರದು, ಮೇಷ್ಟ್ರೇ. ಎಲೆಯನ್ನು ಗಾಳಿಯೂ ಅಲ್ಲಾಡಿಸುತ್ತದೆ, ಹಂದಿಯೂ ಅಲ್ಲಾಡಿಸುತ್ತದೆ, ಸೌದೆಗೆ ಬಂದ ಮನುಷ್ಯನೂ ಅಲ್ಲಾಡಿಸುತ್ತಾನೆ. ಪೂರ್ತಿ ಕಂಡ ಮೇಲೆಯೇ ಬೆರಳು ಕುದುರೆಯ ಮೇಲೆ ಬರಬೇಕು” ಎಂದರು. ಹಂದಿಯೆಂದು ತಿಳಿದು ಜೊತೆಗಾರನನ್ನೇ ಹೊಡೆದ ಸುದ್ದಿಗಳು ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅಂಥ ಸುದ್ದಿ ಓದಿದಾಗಲೆಲ್ಲ ಆ ಹಿರಿಯರ ಮಾತು ನನಗೆ ನೆನಪಾಗುತ್ತದೆ.

ನಿಯಮವೆಂದ ಮೇಲೆ ಅಪವಾದವೂ ಉಂಟು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್ಟರಿಗೆ ಬಹುಮಾನವಾಗಿ ಬಂದ .275 ರಿಗ್ಬಿ ರೈಫಲು ಲಕ್ಷಣದಲ್ಲಿ ಬಯಲಿನ ಕೋವಿ. ಅದರ ಗುಂಡು ಸುಮಾರು 9 ಗ್ರಾಂ ಮಾತ್ರ. ಆದರೂ ಕುಮಾವೂನಿನ ಕಾಡುಗಳಲ್ಲಿ ಅವರು ಹಗುರವಾದ .275 ರೈಫಲನ್ನೇ ಹಿಡಿದು ಎಷ್ಟೋ ಸಲ ಹೊರಟರು. 1930ರಲ್ಲಿ ಚೌಗಢದ ಹುಲಿ ಕೆಲವೇ ಅಡಿಗಳ ದೂರದಲ್ಲಿ ಎದುರಾದಾಗ ಅವರ ಒಂದು ಕೈಯಲ್ಲಿ ಹಕ್ಕಿಯ ಮೊಟ್ಟೆಗಳಿದ್ದುವು. ಇನ್ನೊಂದೇ ಕೈಯಿಂದ ಅವರು ರೈಫಲನ್ನು ಮೆಲ್ಲಮೆಲ್ಲನೆ ತಿರುಗಿಸಿ ಹೊಡೆದರು. ಭಾರಿ ಕೋವಿಯಿಂದ ಅದು ಆಗುತ್ತಿರಲಿಲ್ಲ. ಕೈಗೆ ಒಗ್ಗಿದ ಉಪಕರಣ ಕೆಲವೊಮ್ಮೆ ನೆಲದ ನಿಯಮವನ್ನೂ ಮೀರುತ್ತದೆ.

ಮಾಮನ ಮಾತನ್ನೂ ಕೊಡಗಿನ ಹಿರಿಯರ ಮಾತನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಸತ್ಯ ಹೊಳೆಯುತ್ತದೆ. ಬಯಲಿನಲ್ಲಿ ಗುರಿ ಸ್ಪಷ್ಟ. ಅಪಾಯವಿರುವುದು ಗುರಿಯ ಆಚೆಗೆ. ಕಾಡಿನಲ್ಲಿ ಗುಂಡನ್ನು ಮರ ತಡೆದೀತು, ಅಪಾಯವಿರುವುದು ಗುರಿಯಲ್ಲಿಯೇ. ಬಯಲಿನವನು ‘ಅದರ ಹಿಂದೆ ಏನಿದೆ?’ ಎಂದು ಕೇಳಿಕೊಳ್ಳಬೇಕು; ಕಾಡಿನವನು ‘ಅದು ಏನು?’ ಎಂದು ಕೇಳಿಕೊಳ್ಳಬೇಕು. ಕೋವಿ ಎಷ್ಟು ದೂರ ಮುಟ್ಟುತ್ತದೆಂಬುದನ್ನು ಅಂಗಡಿಯವನು ಹೇಳಬಲ್ಲ. ಎಷ್ಟು ದೂರದವರೆಗೆ ತಾನು ಹೊಣೆ ಹೊರಬಲ್ಲೆನೆಂಬುದನ್ನು ಹಿಡಿದವನೇ ಅಳೆದುಕೊಳ್ಳಬೇಕು. ಈ ಎರಡನೆಯ ಅಳತೆಗೆ ಒಪ್ಪುವ ಕೋವಿಯೇ ಸರಿಯಾದ ಕೋವಿ.

ದುರ್ದೈವದಿಂದ ನಮ್ಮ ಬಯಲಿನಲ್ಲಿ ಈ ಎರಡನೆಯ ಅಳತೆಯನ್ನು ಬಹಳ ಮಂದಿ ಮರೆತರು. ಕಣ್ಣನ್ನೂ ಕಾಲನ್ನೂ ನಂಬಿದ ಚಿಗರಿಗೆ, ಕಾಣದಷ್ಟು ದೂರದಿಂದ ಬರುವ ಗುಂಡಿನ ಎದುರು ರಕ್ಷಣೆಯಿರಲಿಲ್ಲ. ಜೀಪು ಬಂದ ಮೇಲೆ ಓಟವೂ ನೆರವಾಗಲಿಲ್ಲ. ಹುಲ್ಲುಗಾವಲುಗಳು ಉಳುಮೆಗೆ ಒಳಗಾದುವು. ಎರೆಭೂಮಿಯ ದೊಡ್ಡ ಹಕ್ಕಿ, ಜನ ಎರ್ಲಡ್ಡು ಎಂದು ಕರೆಯುವ ಹೆಬ್ಬಕ, ಇಂದು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಗೆ ಇಳಿದಿದೆ. ಸಿವಂಗಿಯಂತೂ ದೇಶದಿಂದಲೇ ಅಳಿಯಿತೆಂದು 1952ರಲ್ಲಿ ಸಾರಲಾಯಿತು; 2022ರಲ್ಲಿ ಮಧ್ಯಪ್ರದೇಶದ ಕುನೋಗೆ ಬಂದವು ಆಫ್ರಿಕದ ಚೀತಾಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಗೆ ಅತ್ಯುನ್ನತ ರಕ್ಷಣೆಯನ್ನು ಕೊಟ್ಟಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿಯೇ ಅಭಯಾರಣ್ಯವಾಯಿತು. ಕಾಯ್ದೆ ಬಂದ ಮೇಲೆ ಮಾಮ ತಮ್ಮ ರೈಫಲಿನ ಪರವಾನಗಿಯನ್ನು ಮತ್ತೆ ನವೀಕರಿಸಲಿಲ್ಲ. ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದರು.

ಈಗ ನನ್ನ ಹೆಗಲಿಗೆ ತೂಗುವುದು ಹಕ್ಕಿ ನೋಡುವ ದುರ್ಬೀನು. ಅದನ್ನು ಕೊಳ್ಳಲು ಹೋದಾಗ ಅಂಗಡಿಯವನು, “ಕಾಡಿಗೋ, ಬಯಲಿಗೋ?” ಎಂದು ಕೇಳಿದ. ಕಾಡಿಗಾದರೆ ಎಂಟು ಪಟ್ಟು ಹಿಗ್ಗಿಸುವುದು ಸಾಕು, ನೋಟ ಅಗಲವಾಗಿರುತ್ತದೆ; ಬಯಲಿಗಾದರೆ ಹತ್ತು ಪಟ್ಟಿನದು ಒಳ್ಳೆಯದು ಎಂದು ವಿವರಿಸಿದ. ಕೋವಿ ಹೋದರೂ ನೆಲದ ನಿಯಮ ಹೋಗಲಿಲ್ಲವೆಂದು ನನಗೆ ನಗು ಬಂದಿತು. ನಾನು ಹತ್ತು ಪಟ್ಟಿನದನ್ನೇ ಕೊಂಡೆ. ಹಿಂಗಾರಿಯ ಬೆಳಗುಗಳಲ್ಲಿ ಬದುವಿನ ಮೇಲೆ ಕುಳಿತು, ಬಿಸಿಲ್ಗುದುರೆ ಏಳುವ ಮೊದಲು, ಜೋಳದ ಹೊಲಗಳ ಅಂಚನ್ನು ಮೆಲ್ಲನೆ ನೋಡುತ್ತ ಹೋಗುತ್ತೇನೆ. ಏನಾದರೂ ಕಂಡಾಗ ಅದರ ಹಿಂದೇನಿದೆಯೆಂದು ನೋಡುವ ಅಭ್ಯಾಸ ಮಾತ್ರ ಉಳಿದುಕೊಂಡಿದೆ; ಹಾಗೆ ನೋಡಿದಾಗ ಬಯಲು ಎಂದೂ ಬರಿದಾಗಿ ಕಂಡಿಲ್ಲ.